ಅಂಗಡಿ ಯಾರ ಹೆಸರಿನಲ್ಲಿ?



ಈ ಸಂಚಿಕೆಯ ಸಂಪಾದಕೀಯವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತಿದ್ದೇನೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ಬಂಡವಾಳವೆಂದರೇನು, ಲಾಭದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದವಳು. ವರದಕ್ಷಿಣೆ ವಿರೋಧಿ ಮೆರವಣಿಗೆಗಳಲ್ಲಿ ಫಲಕ ಹಿಡಿದು ನಡೆದವಳು. ಹೀಗಿದ್ದೂ ಅದೇ ವರದಕ್ಷಿಣೆ ಹೊಸ ಹೆಸರು ಇಟ್ಟುಕೊಂಡು ನನ್ನ ಸ್ವಂತ ತಂಗಿಯ ಮನೆಯ ಜಗಲಿಗೆ ಬಂದು ಕುಳಿತಾಗ ನನಗೆ ಅದರ ಗುರುತು ಸಿಗಲಿಲ್ಲ. ಗುರುತು ಹಿಡಿದವರು ತಂಗಿಯ ಸಂಘದಲ್ಲಿರುವ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಒಬ್ಬ ಸದಸ್ಯೆ.

ತಂಗಿಯ ಮಗಳ ಮದುವೆ ನಡೆದದ್ದು 2015ರಲ್ಲಿ. "ನಮಗೇನೂ ಬೇಡ, ನಿಮ್ಮ ಹುಡುಗಿಗೆ ನಿಮ್ಮ ಮನಸ್ಸಿನಂತೆ ಹಾಕಿ" ಎಂದಿದ್ದರು ಗಂಡಿನ ಕಡೆಯವರು. ಈ ಮಾತಿನ ಅರ್ಥ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಗಂಡನಿಲ್ಲದ ನನ್ನ ತಂಗಿ ಅಡಿಕೆ ತೋಟದ ಉತ್ಪತ್ತಿಯಲ್ಲಿ ವರ್ಷಗಟ್ಟಲೆ ಉಳಿಸಿ 32 ಪವನು ಚಿನ್ನ ಹಾಕಿ ಮಗಳನ್ನು ಕಳಿಸಿಕೊಟ್ಟಳು. ಅಳಿಯನಿಗೆ ತಾಲೂಕು ಪೇಟೆಯಲ್ಲಿ ಮೊಬೈಲ್ ಅಂಗಡಿ ಇತ್ತು. ಕೊರೋನಾ ಕಾಲದಲ್ಲಿ ವ್ಯಾಪಾರ ನೆಲ ಕಚ್ಚಿತು. 2021ರ ಕೊನೆಗೆ ಅವನೊಂದು ಹೊಸ ಆಲೋಚನೆ ತಂದ. ಗೆಳೆಯನೊಬ್ಬನ ಜೊತೆ ಸೇರಿ ದುಬೈಯಲ್ಲಿ ಸಣ್ಣ ಕೆಫೆಟೇರಿಯಾ ತೆರೆಯುವುದು, ಪಾಲುದಾರನಾಗಿ ಇನ್ವೆಸ್ಟರ್ ವೀಸಾ ಪಡೆಯುವುದು, ಹೆಂಡತಿ ಮಗುವನ್ನೂ ಕರೆದುಕೊಂಡು ಹೋಗುವುದು. "ಅತ್ತೆ, ಇದು ಚಾಕರಿಗೆ ಹೋದ ಹಾಗಲ್ಲ. ಅಲ್ಲಿ ನಾವೇ ಧಣಿಗಳು" ಎಂದು ತಂಗಿಗೆ ಹೇಳಿದ. ಕೊರತೆಯಿದ್ದದ್ದು ಬಂಡವಾಳ ಒಂದೇ.

ಮಗಳ ಚಿನ್ನದಲ್ಲಿ 24 ಪವನು ಮಾರಿ 8 ಲಕ್ಷ ಬಂತು. ತೋಟದ ಮೇಲೆ ಸೊಸೈಟಿಯಲ್ಲಿ 5 ಲಕ್ಷ ಸಾಲ ತೆಗೆದದ್ದಾಯಿತು. ಇನ್ನು ಒಂದೂವರೆ ಲಕ್ಷಕ್ಕೆ ತಂಗಿ ತನ್ನ ಸಂಘದಲ್ಲಿ ಅರ್ಜಿ ಹಾಕಿದಳು. ಅವಳಿಗೆ ಧೈರ್ಯಕ್ಕಿರಲೆಂದು ಆ ವಾರದ ಸಭೆಗೆ ನಾನೂ ಹೋಗಿದ್ದೆ. ಆಗ ಆ ಸದಸ್ಯೆ ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದರು, "ಮೇಡಂ, ಒಂದು ಮಾತು ಕೇಳ್ತೇನೆ. ಅಂಗಡಿ ಯಾರ ಹೆಸರಲ್ಲಿ ಆಗುದು?"

ನಾನು ನಕ್ಕುಬಿಟ್ಟೆ. "ಗಂಡ ಹೆಂಡತಿ ಅಂದ ಮೇಲೆ ಹೆಸರು ಯಾರದ್ದಾದರೇನಮ್ಮ? ಇದು ವರದಕ್ಷಿಣೆಯಲ್ಲ, ಬಂಡವಾಳ" ಎಂದೆ. ಎಂ.ಎ. ಓದಿದವಳ ಮಾತಿಗೆ ಎದುರಾಡುವುದು ಹೇಗೆ? ಅವರು ಸುಮ್ಮನಾದರು. ಆದರೆ ಪೂರ್ತಿ ಸುಮ್ಮನಾಗಲಿಲ್ಲ. "ಹಾಗಾದರೆ ಸ್ವ ಉದ್ಯೋಗ ಅಂತ ಬರೆಯುದು ಬೇಡ. ಅಳಿಯನ ದುಬೈ ಅಂಗಡಿಗೆ ಅಂತಲೇ ಪುಸ್ತಕದಲ್ಲಿ ಬರೆಯಿರಿ" ಎಂದು ಹಟ ಹಿಡಿದರು. ಕಾರ್ಯದರ್ಶಿ ಹಾಗೆಯೇ ಬರೆದರು. ಆ ಒಂದು ಸಾಲಿನ ಬೆಲೆ ನಮಗೆ ತಿಳಿದದ್ದು ಮೂರು ವರ್ಷದ ನಂತರ.

ಅಳಿಯ ತನ್ನ ಮೊಬೈಲ್ ಅಂಗಡಿ ಮಾರಿ ಹಾಕಿದ್ದು 6 ಲಕ್ಷ. ನಮ್ಮ ಹುಡುಗಿಯ ಕಡೆಯಿಂದ ಹೋದದ್ದು ಹದಿನಾಲ್ಕೂವರೆ ಲಕ್ಷ. ಅಂದರೆ ಅವನು 'ನನ್ನ ಪಾಲು' ಎಂದು ತೋರಿಸಿದ ಪ್ರತಿ ರೂಪಾಯಿಯಲ್ಲಿ ಸುಮಾರು ಎಪ್ಪತ್ತು ಪೈಸೆ ಅವಳದು. ಪರವಾನಗಿಯಲ್ಲಿ ಮಾತ್ರ ಎರಡೇ ಹೆಸರು, ಅವನದು ಮತ್ತು ಅವನ ಗೆಳೆಯನದು.

2022ರಲ್ಲಿ ಅವರು ಹೋದರು. ಬೆಳಗಿನ ನಾಲ್ಕೂವರೆಗೆ ಎದ್ದು ಕೆಫೆಟೇರಿಯಾದ ಅಡುಗೆಕೋಣೆಯಲ್ಲಿ ಚಪಾತಿ ಲಟ್ಟಿಸುವುದು, ಪಲ್ಯ ಮಾಡುವುದು, ಪಾತ್ರೆ ತೊಳೆಯುವುದು ಅವಳ ಪಾಲಿಗೆ ಬಂತು. ಸಂಬಳವಿಲ್ಲ, ಕೆಲಸದ ಪರವಾನಗಿಯೂ ಇಲ್ಲ. ಗಂಡನ ಪ್ರಾಯೋಜಕತ್ವದಲ್ಲಿರುವ ಹೆಂಡತಿ ಅಲ್ಲಿ ಕೆಲಸ ಮಾಡಬೇಕಾದರೆ ಪ್ರತ್ಯೇಕ ಪರವಾನಗಿ ಬೇಕು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳಿದ್ದಕ್ಕೆ ಮೊದಲ ಪೆಟ್ಟು ಬಿತ್ತು. ಗೆಳೆಯ ಪಾಲು ಬಿಟ್ಟು ಹೋಗುತ್ತೇನೆಂದಾಗ, ಅದನ್ನು ಕೊಳ್ಳಲು ಇನ್ನೂ 5 ಲಕ್ಷ ಅಮ್ಮನಿಂದ ತರಿಸು ಎಂಬ ಒತ್ತಾಯ ಶುರುವಾಯಿತು. ತೋಟ ಆಗಲೇ ಅಡವಿನಲ್ಲಿತ್ತು. ಇಲ್ಲ ಎಂದ ದಿನಗಳೆಲ್ಲ ಹೊಡೆತದ ದಿನಗಳಾದವು. "ಬಾಯಿ ಮುಚ್ಚು. ನಿನ್ನ ವೀಸಾ ನನ್ನ ಕೈಯಲ್ಲಿ ಉಂಟು" ಎಂಬುದು ಅವನ ಕೊನೆಯ ಮಾತಾಗಿರುತ್ತಿತ್ತು.

2024ರ ಏಪ್ರಿಲ್‌ನಲ್ಲಿ "ಎರಡು ತಿಂಗಳು ಅಮ್ಮನ ಹತ್ತಿರ ಇದ್ದು ಬಾ" ಎಂದು ತಾಯಿ ಮಗುವನ್ನು ವಿಮಾನ ಹತ್ತಿಸಿದ. ಅಲ್ಲಿನ ಗುರುತಿನ ಚೀಟಿಯನ್ನು "ಕಳೆದುಹೋದೀತು" ಎಂದು ತನ್ನಲ್ಲೇ ಇಟ್ಟುಕೊಂಡ. ತಿರುಗಿ ಬರುವ ಟಿಕೇಟು ಬರಲೇ ಇಲ್ಲ. ಆ ದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯ ವಾಸದ ವೀಸಾ ಬಿದ್ದುಹೋಗುತ್ತದೆ. ಅವಳನ್ನು ಸಂಸಾರದಿಂದ ಹೊರಹಾಕಲು ಅವನು ಒಂದು ಕಾಗದವನ್ನೂ ಬರೆಯಬೇಕಾಗಲಿಲ್ಲ. ಪಂಚಾಂಗ ನೋಡುತ್ತ ಕುಳಿತರೆ ಸಾಕಾಗಿತ್ತು. "ದೊಡ್ಡಮ್ಮ, ನಾನು ಗಂಡ ಬಿಟ್ಟವಳೋ, ಅಥವಾ ದೇಶ ಬಿಟ್ಟವಳೋ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಸಹೋದರಿಯರೇ, ಇದನ್ನು ಒಬ್ಬ ಕೆಟ್ಟ ಗಂಡನ ಕಥೆಯೆಂದು ಓದಿ ಮುಗಿಸಬೇಡಿ. ಅವನು ಕೆಟ್ಟವನಾಗಲು ಅನುಕೂಲವಾಗುವಂತೆ ಕಾಗದಪತ್ರಗಳನ್ನೆಲ್ಲ ಜೋಡಿಸಿಕೊಟ್ಟವರು ನಾವೇ.

ಇನ್ವೆಸ್ಟರ್ ವೀಸಾ ಎಂದರೆ ಆ ದೇಶದಲ್ಲಿ ಹಣ ಹೂಡಿ ವ್ಯಾಪಾರ ಮಾಡುವವರಿಗೆ ಅಲ್ಲಿ ವಾಸಿಸಲು ಕೊಡುವ ಅನುಮತಿ. 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಕೊಳ್ಳಬಲ್ಲ ಶ್ರೀಮಂತರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಉಂಟು. ನಮ್ಮಂಥವರ ಮಕ್ಕಳು ತೆರೆಯುವ ಸಣ್ಣ ಅಂಗಡಿಯ ಪಾಲುದಾರರಿಗೆ ಸಿಗುವುದು ಕೆಲವೇ ವರ್ಷಗಳ ವೀಸಾ. ವ್ಯಾಪಾರದ ಪರವಾನಗಿಯನ್ನಂತೂ ವರ್ಷವರ್ಷವೂ ನವೀಕರಿಸಬೇಕು. ಯಾರ ಹೆಸರಿನಲ್ಲಿ ಪಾಲು ಇದೆಯೋ ಅವನು ಹೂಡಿಕೆದಾರ. ಅವನ ಪ್ರಾಯೋಜಕತ್ವದಲ್ಲಿ ಹೋದವಳು ಅವಲಂಬಿತೆ. ಹಣ ಯಾರ ಕೊರಳಿನಿಂದ ಇಳಿದು ಬಂತು ಎಂದು ಆ ಕಾಗದ ಕೇಳುವುದಿಲ್ಲ. ಹೂಡಿದವಳೇ ಅವಲಂಬಿತೆಯಾಗುವುದು ಹೀಗೆ. 2018ರಿಂದ ಆ ದೇಶದಲ್ಲಿ ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕನಿಲ್ಲದೆ ಒಂದು ವರ್ಷ ಉಳಿಯುವ ಅವಕಾಶ ಕೊಟ್ಟಿದ್ದಾರೆ. ಆದರೆ ವಿಧವೆಯೂ ಅಲ್ಲದ, ವಿಚ್ಛೇದಿತೆಯೂ ಅಲ್ಲದ, ತವರಿಗೆ ಕಳಿಸಿ ಮರೆತುಬಿಟ್ಟ ಹೆಂಗಸಿಗೆ ಅದರಿಂದ ಏನು ಪ್ರಯೋಜನ?

ನಮ್ಮೂರ ಗಂಡಸರು ಐವತ್ತು ವರ್ಷಗಳಿಂದ ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅಂಗಡಿ ಇಟ್ಟವರೆಲ್ಲ ಒಂದು ದೂರು ಹೇಳುತ್ತಿದ್ದರು. ದುಬೈ ಪೇಟೆಯಲ್ಲಿ ವ್ಯಾಪಾರ ಮಾಡಬೇಕಾದರೆ ಶೇಕಡಾ 51 ಪಾಲು ಸ್ಥಳೀಯ ಪ್ರಜೆಯ ಹೆಸರಿನಲ್ಲಿರಬೇಕಿತ್ತು. "ಹಣ ನಮ್ಮದು, ಬೆವರು ನಮ್ಮದು, ಅಂಗಡಿ ಮಾತ್ರ ಅವನ ಹೆಸರಲ್ಲಿ. ಅವನು ಮನಸ್ಸು ಮಾಡಿದರೆ ನಾಳೆಯೇ ನಮ್ಮನ್ನು ಹೊರಗೆ ಹಾಕಬಹುದು" ಎಂದು ರಜೆಗೆ ಬಂದಾಗಲೆಲ್ಲ ಹೇಳಿಕೊಳ್ಳುತ್ತಿದ್ದರು. ಕೇಳಿ ನಾವು ಮರುಗುತ್ತಿದ್ದೆವು. ಅದು ಅನ್ಯಾಯವೆಂದು ಎಲ್ಲರಿಗೂ ಕಾಣುತ್ತಿತ್ತು. 2021ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಬಹುಪಾಲು ವ್ಯಾಪಾರಗಳಲ್ಲಿ ಆ ನಿಯಮ ಹೋಯಿತು. ಹೊರದೇಶದವರು ಪೂರ್ತಿ ಮಾಲೀಕರಾಗಬಹುದು. ಒಳ್ಳೆಯದಾಯಿತು. ಆದರೆ ಅದೇ ಮಾತನ್ನು ಈಗ ಅಂಗಡಿಯ ಹಿಂದಿನ ಅಡುಗೆಕೋಣೆಯಲ್ಲಿ ನಿಂತ ಹೆಂಡತಿ ಹೇಳಿದರೆ? ಹಣ ನನ್ನದು, ಬೆವರು ನನ್ನದು, ಅಂಗಡಿ ಮಾತ್ರ ಅವರ ಹೆಸರಲ್ಲಿ. ಗಂಡಸು ಹೇಳಿದಾಗ ಅನ್ಯಾಯವಾಗಿ ಕೇಳಿಸಿದ ಮಾತು ಹೆಂಗಸು ಹೇಳಿದಾಗ ಅಹಂಕಾರವಾಗಿ ಕೇಳಿಸುತ್ತದೆ. ನನಗೂ ಅಂದು ಸಂಘದ ಸಭೆಯಲ್ಲಿ ಹಾಗೆಯೇ ಕೇಳಿಸಿತ್ತು.

ಬಂಡವಾಳ ಎಂಬ ಹೆಸರಿಟ್ಟ ಮಾತ್ರಕ್ಕೆ ವರದಕ್ಷಿಣೆಯ ಗುಣ ಹೋಗುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ 1984 ಮತ್ತು 1986ರ ತಿದ್ದುಪಡಿಗಳ ನಂತರ ಸ್ಪಷ್ಟವಾಗಿಯೇ ಹೇಳುತ್ತದೆ: ಮದುವೆಗೆ ಸಂಬಂಧಿಸಿದಂತೆ ಮದುವೆಯ ಹೊತ್ತಿನಲ್ಲಿ, ಮೊದಲು ಅಥವಾ ನಂತರ ಯಾವಾಗ ಕೇಳಿದರೂ ಅದು ವರದಕ್ಷಿಣೆ. ಹರಿಯಾಣದಲ್ಲಿ ಮಗನ ಹಾಲಿನ ವ್ಯಾಪಾರಕ್ಕೆ ಬೇಕೆಂದು ಸೊಸೆಯ ತವರಿನಿಂದ ಮೋಟಾರ್ ಸೈಕಲ್ ಕೇಳಿ ಪೀಡಿಸಿದ ಮನೆಯೊಂದರಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ಆ ಹುಡುಗಿ ಸತ್ತಳು. ವ್ಯಾಪಾರಕ್ಕೆ ಕೇಳಿದ್ದು ವರದಕ್ಷಿಣೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಬೇಡಿಕೆಗೆ ಮದುವೆಯ ನಂಟಿದ್ದರೆ ಯಾವ ಕಾರಣಕ್ಕೆ ಕೇಳಿದರು ಎಂಬುದು ಮುಖ್ಯವಲ್ಲ ಎಂದಿತು. ಮನೆ ಕಟ್ಟಲು ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು 2022ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹಾಲಿನ ವ್ಯಾಪಾರಕ್ಕೆ ಅನ್ವಯಿಸುವ ನ್ಯಾಯ ದುಬೈ ಕೆಫೆಟೇರಿಯಾಕ್ಕೂ ಅನ್ವಯಿಸಬೇಡವೇ?

ಚಿನ್ನದ ವಿಷಯದಲ್ಲೂ ಕಾನೂನು ಸ್ಪಷ್ಟವಾಗಿದೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಾಗಲಿ ಅತ್ತೆಮನೆಯವರಾಗಲಿ ಅದನ್ನು ಇಟ್ಟುಕೊಂಡರೆ ಅವರು ಬರೀ ಕಾಪಾಡುವವರು ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಮಹಿಳೆಯೊಬ್ಬರ 89 ಪವನು ಚಿನ್ನದ ಮೊಕದ್ದಮೆಯಲ್ಲಿ, ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಹಿಂದಿರುಗಿಸುವುದು ಅವನ ನೈತಿಕ ಹೊಣೆ ಎಂದು ತಿಳಿಸಿ, 25 ಲಕ್ಷ ರೂಪಾಯಿ ಕೊಡಿಸಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಕರೆಯುತ್ತದೆ. ಹೆಂಗಸು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. 1983ರಲ್ಲಿ ಮಹಿಳಾ ಚಳವಳಿಯ ಒತ್ತಾಯದಿಂದ ಬಂದ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ಗಂಡನ ಮನೆಯಿಂದ ಹೊರದೂಡಲ್ಪಟ್ಟವಳು ತಾನು ಆಶ್ರಯ ಪಡೆದ ಊರಿನಲ್ಲೇ ಈ ದೂರನ್ನೂ ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. "ವರದಕ್ಷಿಣೆ ಕೊಟ್ಟವರೂ ಅಪರಾಧಿಗಳೇ, ಬಾಯಿ ಬಿಟ್ಟರೆ ನಿಮ್ಮನ್ನೂ ಒಳಗೆ ಹಾಕುತ್ತಾರೆ" ಎಂದು ಹೆದರಿಸುವವರಿದ್ದಾರೆ. ಅನ್ಯಾಯಕ್ಕೊಳಗಾದವಳು ಕೊಟ್ಟ ಹೇಳಿಕೆಯ ಮೇಲೆ ಅವಳ ವಿರುದ್ಧವೇ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಇದನ್ನು ನೆನಪಿಡಿ.

ಹಾಗಾದರೆ ಗಂಡನ ವ್ಯಾಪಾರಕ್ಕೆ ಹೆಂಡತಿ ಕೈ ಜೋಡಿಸಲೇಬಾರದೇ, ಹೊರದೇಶಕ್ಕೆ ಹೋಗಲೇಬಾರದೇ ಎಂದು ನೀವು ಕೇಳಬಹುದು. ಖಂಡಿತ ಹೋಗಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಂದಿಗೆ ಶಾರ್ಜಾದಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಾಳೆ. ಅವಳ ಚಿನ್ನದ ಹಣ ಅವಳ ಪಾಲಾಗಿಯೇ ಪತ್ರದಲ್ಲಿ ದಾಖಲಾಗಿದೆ. ಅವರಲ್ಲಿಯೂ ಜಗಳಗಳಾಗಿವೆ. ಆದರೆ 'ಹೊರಗೆ ನಡೆ' ಎಂಬ ಮಾತು ಆ ಮನೆಯಲ್ಲಿ ಬಂದಿಲ್ಲ. ಏಕೆಂದರೆ ಹೊರಗೆ ಹಾಕಬೇಕಾದರೆ ಅವಳ ಸಹಿ ಬೇಕು. ಇದು ಕಾನೂನಿನ ವ್ಯಾಖ್ಯೆಯಲ್ಲ, ನಾನು ಪೆಟ್ಟು ತಿಂದು ಕಲಿತದ್ದು: ಹೆಸರು ಇದ್ದರೆ ಪಾಲುದಾರಿಕೆ, ಹೆಸರು ಇಲ್ಲದಿದ್ದರೆ ವರದಕ್ಷಿಣೆ.

ಆದ್ದರಿಂದ ನಿಮ್ಮ ಮಗಳೋ ಸೊಸೆಯೋ ಹೀಗೆ ಹೊರಡುವುದಾದರೆ ಕೆಲವು ಕೆಲಸಗಳನ್ನು ಮೊದಲೇ ಮಾಡಿ. ಮೊದಲನೆಯದಾಗಿ, ಅವಳ ಹಣ ಅವಳ ಬ್ಯಾಂಕ್ ಖಾತೆಯಿಂದಲೇ ಹೋಗಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಮನೆಯವರೆಲ್ಲರ ಹಣ ಸೇರಿಸಿ ಅಲ್ಲಿ ಹೂಡಿಕೆ ಮಾಡುವುದಾದರೆ, ಹಣ ಕಳಿಸುವವರೂ ಆ ಹೂಡಿಕೆಯಲ್ಲಿ ಸಹಮಾಲೀಕರಾಗಿರಬೇಕು. ನಿಯಮವೇ ಅವಳ ಹೆಸರು ಕೇಳುತ್ತಿದೆ. ಆದರೆ ನಾವು ಮಾಡುವುದೇನು? ಮೊದಲು ಅಳಿಯನ ಖಾತೆಗೆ ಹಾಕಿ ಆ ಹೆಸರನ್ನು ನಾವೇ ಅಳಿಸಿಬಿಡುತ್ತೇವೆ. ಎರಡನೆಯದಾಗಿ, ಕಂಪನಿಯ ಪತ್ರದಲ್ಲಿ ಅವಳ ಪಾಲು ಎಷ್ಟೆಂದು ಬರೆಸಿ. ಹೆಂಗಸು ಪಾಲುದಾರಳಾಗಬಾರದೆಂಬ ಕಾನೂನು ಅಲ್ಲಿಲ್ಲ. ಅವಳು ಅಂಗಡಿಯಲ್ಲಿ ದುಡಿಯುವುದಾದರೆ ಕೆಲಸದ ಪರವಾನಗಿಯನ್ನೂ ಮಾಡಿಸಲಿ.

ಮೂರನೆಯದು ಎಚ್ಚರಿಕೆಯ ಮಾತು. ಪಾಲಿಗೆ ಹೆಸರು ಬೇಕು, ಆದರೆ ಕಂಡಕಂಡಲ್ಲಿ ಸಹಿ ಬೇಡ. ಅಲ್ಲಿ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ಕುಗಳನ್ನು ಕೊಡುವ ರೂಢಿಯಿದೆ. ಚೆಕ್ ವಾಪಸಾದರೆ ಜೈಲು ಎಂಬ ನಿಯಮ 2022ರ ಜನವರಿಯಿಂದ ಬಹಳಷ್ಟು ಸಡಿಲವಾಗಿದ್ದರೂ, ಹಣ ವಸೂಲಿಗೆ ನ್ಯಾಯಾಲಯ ದೇಶ ಬಿಡದಂತೆ ತಡೆಯಬಹುದು. ಖಾಲಿ ಚೆಕ್ಕಿಗೆ, ಓದಲು ಬಾರದ ಅರಬ್ಬೀ ಕಾಗದಕ್ಕೆ, 'ದಾನಪತ್ರ' ಎಂದು ಬರೆದ ಕಾಗದಕ್ಕೆ ಅವಳು ಸಹಿ ಹಾಕಕೂಡದು. ನಾಲ್ಕನೆಯದಾಗಿ, ಚಿನ್ನದ ರಸೀದಿ, ಮದುವೆಯ ಫೋಟೋ, ಪಾಸ್‌ಪೋರ್ಟ್, ವೀಸಾ ಮತ್ತು ಅಲ್ಲಿನ ಗುರುತಿನ ಚೀಟಿಯ ಪ್ರತಿಗಳು ತವರಿನಲ್ಲಿ ಒಂದು ಕಟ್ಟು ಇರಲಿ. ಅವಳ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಲಿ. "ಸ್ವಲ್ಪ ದಿನ ಊರಿಗೆ ಹೋಗಿ ಬಾ" ಎಂದು ಕಳಿಸಿದರೆ, ಆರು ತಿಂಗಳ ಲೆಕ್ಕವನ್ನು ಮೊದಲ ದಿನದಿಂದಲೇ ಇಡಲಿ.

ಅಲ್ಲಿಯೇ ಕಷ್ಟ ಬಂದರೆ ಸಹಾಯವಿದೆ ಎಂಬುದನ್ನು ಅವಳು ತಿಳಿದಿರಬೇಕು. ಆ ದೇಶವೂ 2019ರಲ್ಲಿ ಕೌಟುಂಬಿಕ ದೌರ್ಜನ್ಯದ ವಿರುದ್ಧ ಕಾನೂನು ಮಾಡಿತು. ದುಬೈಯಲ್ಲಿ ನೊಂದ ಹೆಂಗಸರಿಗೂ ಮಕ್ಕಳಿಗೂ ಆಶ್ರಯ ಕೊಡುವ ಸಂಸ್ಥೆ 2007ರಿಂದ ಇದೆ. ಅದರ ಸಹಾಯವಾಣಿ 800111. ಭಾರತೀಯರಿಗಾಗಿ ನಮ್ಮ ಸರ್ಕಾರವೇ ನಡೆಸುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಸಂಖ್ಯೆ 80046342. ಊರಿಗೆ ಮರಳಿದವಳಿಗೆ ತಾಲೂಕಿನ ಸಿಡಿಪಿಒ ಕಚೇರಿಯ ಸಂರಕ್ಷಣಾಧಿಕಾರಿ ಇದ್ದಾರೆ, ಮಹಿಳಾ ಸಹಾಯವಾಣಿ 181 ಇದೆ. ಹೊರದೇಶದಲ್ಲಿರುವ ಗಂಡಂದಿರಿಂದ ಮೋಸಹೋದವರ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ನಮ್ಮ ಹುಡುಗಿ 2025ರಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿದಳು. ವಕೀಲರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಹಣ ಆ ಅಂಗಡಿಗೇ ಹೋಯಿತು ಎನ್ನಲು ಏನಾದರೂ ಬರಹ ಉಂಟಾ?" ಚಿನ್ನ ಮಾರಿದ ಚೀಟಿ ಅವನ ಹೆಸರಿನಲ್ಲಿತ್ತು. ಸೊಸೈಟಿಯ ಸಾಲ ಕೃಷಿ ಸಾಲವೆಂದು ಬರೆದಿತ್ತು. ಕೊನೆಗೆ ಉಳಿದದ್ದು ಸಂಘದ ನಿರ್ಣಯ ಪುಸ್ತಕದ ಆ ಒಂದು ಸಾಲು: ಅಳಿಯನ ದುಬೈ ಅಂಗಡಿಗೆ. ಆ ಪುಟದ ಪ್ರತಿ ಈಗ ನ್ಯಾಯಾಲಯದ ಕಡತದಲ್ಲಿದೆ. ಗಂಡನಿಗೆ ನೋಟೀಸು ಮುಟ್ಟಿಸುವುದಕ್ಕೇ ಏಳು ತಿಂಗಳು ಹಿಡಿಯಿತು. ತೀರ್ಪು ಇನ್ನೂ ಬಂದಿಲ್ಲ. ಅವಳು ಪೇಟೆಯ ಬೇಕರಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ತಂಗಿ ವಾರವಾರವೂ ಸಂಘದ ಕಂತು ಕಟ್ಟುತ್ತಿದ್ದಾಳೆ. ಒಂದು ವಾರವೂ ತಪ್ಪಿಸಿಲ್ಲ.

ಕಳೆದ ತಿಂಗಳು ನಾನು ಮತ್ತೆ ಆ ಸಂಘದ ಸಭೆಗೆ ಹೋದೆ. ಎಲ್ಲರ ಎದುರು ಆ ಸದಸ್ಯೆಗೆ, "ಅಂದು ನೀವು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಅವರು ಬೀಡಿ ಕಟ್ಟುತ್ತಲೇ, "ನನ್ನ ಮದುವೆಯಲ್ಲಿ ಕೊಟ್ಟ ದನ ಸಹ ಅವರ ಹೆಸರಲ್ಲೇ ಇತ್ತು ಮೇಡಂ. ಹಾಗೆ ಕೇಳಿದ್ದು" ಎಂದರು.

ಸಹೋದರಿಯರೇ, ನಿಮ್ಮ ಸಂಘಗಳಲ್ಲಿ ಅಳಿಯಂದಿರ, ಗಂಡಂದಿರ ವ್ಯಾಪಾರಕ್ಕೆಂದು ಸಾಲದ ಅರ್ಜಿ ಬಂದೇ ಬರುತ್ತದೆ. ಅಂಗಡಿ ದುಬೈಯಲ್ಲಿರಲಿ, ಪಕ್ಕದ ಪೇಟೆಯಲ್ಲಿರಲಿ, ಸಾಲ ಮಂಜೂರು ಮಾಡುವ ಮೊದಲು ಆ ಸದಸ್ಯೆ ಕೇಳಿದ ಪ್ರಶ್ನೆಯನ್ನು ಕೇಳಿ. ಸಿಕ್ಕ ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ. ನನ್ನಂಥ ಓದಿದವರು ಯಾರಾದರೂ ನಕ್ಕರೆ, ನಗಲಿ ಬಿಡಿ. ನೀವು ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ನಿಮ್ಮ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ, ನಿಮ್ಮ ಅನುಭವಗಳನ್ನು ನಮಗೆ ಬರೆದು ತಿಳಿಸಿ.